ಜೋಡಿ ದರ

೨೦೨೩ರ ಮಾರ್ಚ್ ಹನ್ನೊಂದು, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತೊಂದು ನಿಮಿಷ. ಹೆಂಡತಿ ಮರೆತು ಹೋಗಿದ್ದ ಕನ್ನಡಕದ ಡಬ್ಬಿ ಹಿಡಿದು ನಾನು ಬಸ್ಸಿನ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದೆ. ಬಸ್ಸು ಹೊರಡುವುದು ಏಳೂಮುಕ್ಕಾಲಿಗೆ. ನಮ್ಮೂರ ಫುಟ್‌ಬಾಲ್ ತಂಡ ಪರವೂರಿನಲ್ಲಿ ಆಡುವ ಶನಿವಾರಗಳಲ್ಲಿ ಅಭಿಮಾನಿಗಳ ಸಂಘದ ಈ ಬಸ್ಸು ಹೊರಡುತ್ತದೆ. ಆರು ವರ್ಷದಿಂದ ನನ್ನ ಹೆಂಡತಿ ಇದನ್ನು ಒಮ್ಮೆಯೂ ತಪ್ಪಿಸಿಲ್ಲ. ನಾನು ಒಮ್ಮೆಯೂ ಹತ್ತಿರಲಿಲ್ಲ.

ಬಾಗಿಲ ಗಾಜಿಗೆ ಒಳಗಿನಿಂದ ಒಂದು ಹಾಳೆ ಅಂಟಿಸಿದ್ದರು. ಐವತ್ತಮೂರು ಸೀಟುಗಳ ಪಟ್ಟಿ. ಅದರಲ್ಲಿ ಇಪ್ಪತ್ತಮೂರು ಮತ್ತು ಇಪ್ಪತ್ತನಾಲ್ಕನ್ನು ಒಂದು ಕಂಸದಲ್ಲಿ ಸೇರಿಸಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಜೋಡಿ' ಎಂದು ಬರೆದಿತ್ತು. ಹೆಂಡತಿಯ ಸೀಟು ಇಪ್ಪತ್ತಮೂರು ಎಂದು ನನಗೆ ಗೊತ್ತಿತ್ತು. ಟಿಕೆಟ್ಟು ಯಾವಾಗಲೂ ಅಡುಗೆಮನೆಯ ಬೀರುವಿನ ಮೇಲೆ ಬಿದ್ದಿರುತ್ತಿತ್ತು.

ಈ ಬಸ್ಸು ನಡೆಸುವವರು ಬೇಕರಿ ಅಕ್ಕ. ಮೂಲೆಯ ಬೇಕರಿಯ ಒಡತಿ, ಅರವತ್ತರ ಆಸುಪಾಸು. ಕುತ್ತಿಗೆಗೆ ಪೆನ್ನು ನೇತುಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕನ್ನಡಕ ಯಾರದ್ದೆಂದು ಹೇಳಿದೆ. ಅವರು ನನ್ನ ಮುಖ ಸಹ ನೋಡದೆ ಡಬ್ಬಿ ಕಸಿದುಕೊಂಡು ಒಳಗೆ ದಾಟಿಸಿದರು.

"ಗಡಿಯಾರದವರೇ, ನಿಮ್ಮ ಜೋಡಿಯ ಕನ್ನಡಕ ಬಂತು, ತಗೊಳ್ಳಿ."

ಡಬ್ಬಿ ಕೈಯಿಂದ ಕೈಗೆ ಸಾಗಿತು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಗಂಡಸು ಅದನ್ನು ತೆಗೆದುಕೊಂಡ. ತೆರೆದು ಕನ್ನಡಕ ಹೊರತೆಗೆದ. ಜೇಬಿನಿಂದ ಸಣ್ಣದೊಂದು ಬಟ್ಟೆ ತೆಗೆದು, ಗಾಜಿಗೆ ಉಸಿರು ಊದಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿ, ಆಮೇಲೆ ನನ್ನ ಹೆಂಡತಿಗೆ ಕೊಟ್ಟ. ಅವಳು ಅದನ್ನು ಹಾಕಿಕೊಂಡು ಅವನ ಮುಖ ನೋಡಿ ನಕ್ಕಳು. ಬಸ್ಸು ಹೊರಟಿತು. ನಾನು ಹೊರಗೆ ನಿಂತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಅವಳ ಕನ್ನಡಕ ಒರೆಸಿದ್ದು ನೆನಪಿಲ್ಲ.

ನನ್ನ ಕೆಲಸ ಶಬ್ದ ಅಳೆಯುವುದು. ಕಾರ್ಖಾನೆ, ಮರದ ಮಿಲ್ಲು, ಮುದ್ರಣಾಲಯಗಳಿಗೆ ಹೋಗಿ, ಅಲ್ಲಿ ಕೆಲಸ ಮಾಡುವವರ ಕಿವಿಗೆ ಎಷ್ಟು ಸದ್ದು ಬೀಳುತ್ತಿದೆ ಎಂದು ಮೀಟರ್ ಹಿಡಿದು ನೋಡಿ, ಫಾರಂ ತುಂಬಿ ಕೊಡುತ್ತೇನೆ. ಫಾರಂನಲ್ಲಿ ಮೂರು ಅಂಕಣ: ಶಬ್ದದ ಮೂಲ, ಮೂಲದಿಂದ ದೂರ, ಮಟ್ಟ. ಹೊಸಬರು ದೂರ ಬರೆಯುವುದನ್ನು ಮರೆಯುತ್ತಾರೆ. ಎಷ್ಟು ದೂರದಿಂದ ಅಳೆದದ್ದು ಎಂದು ಹೇಳದ ಡೆಸಿಬಲ್‌ಗೆ ಅರ್ಥವೇ ಇಲ್ಲ ಎಂದು ಅವರಿಗೆ ಪಾಠ ಹೇಳುವವನು ನಾನೇ. ಅದಕ್ಕಾಗಿ ಮೀಟರಿನ ಜೊತೆ ಒಂದು ಉಕ್ಕಿನ ಟೇಪೂ ಸದಾ ನನ್ನ ಚೀಲದಲ್ಲಿರುತ್ತದೆ.

ದಿನವಿಡೀ ಗದ್ದಲದಲ್ಲಿ ಇರುವವನಿಗೆ ಮನೆ ಶಾಂತವಾಗಿರಬೇಕು. ನಮ್ಮ ಮನೆ ಹಾಗೆಯೇ ಇದೆ. ಬಾಗಿಲುಗಳಿಗೆ ರಬ್ಬರು, ಕುರ್ಚಿಯ ಕಾಲುಗಳಿಗೆ ಉಣ್ಣೆಯ ತುಂಡು, ಪಾತ್ರೆಗಳ ನಡುವೆ ಬಟ್ಟೆ. ಸಂಜೆ ಏಳಕ್ಕೆ ನಮ್ಮ ಹಜಾರದ ಮಟ್ಟ ಮೂವತ್ತೊಂದು ಡೆಸಿಬಲ್. ಸಹೋದ್ಯೋಗಿಗಳ ಮುಂದೆ ನಾನು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹೆಂಡತಿಯೂ ಮೆಲುದನಿಯವಳು. ಕಣ್ಣಾಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂತು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವವರ ಹತ್ತಿರ ದಿನವೆಲ್ಲ ಪಿಸುಮಾತಿನಲ್ಲಿ ಮಾತಾಡುವುದು ಅವಳ ಕೆಲಸ. ಮದುವೆಯಾದ ಮೊದಲ ವರ್ಷ ಒಮ್ಮೆ ಮಾತ್ರ, ಟಿವಿಯಲ್ಲಿ ಪಂದ್ಯ ನೋಡುತ್ತಾ, ಗೋಲು ಬಿದ್ದಾಗ ಕೂಗಿದ್ದಳು. ನಾನು ಒಳಗಿನಿಂದ ಮೀಟರ್ ಹಿಡಿದುಕೊಂಡು ಬಂದು, "ನೋಡು, ತೊಂಬತ್ತನಾಲ್ಕು. ಇದು ಮರ ಕೊಯ್ಯೋ ಮೆಷಿನ್ನು," ಎಂದು ತೋರಿಸಿದ್ದೆ. ಇಬ್ಬರೂ ನಕ್ಕಿದ್ದೆವು. ಅವಳ ಅಪ್ಪ ಫುಟ್‌ಬಾಲ್ ಪಂದ್ಯಗಳಿಗೆ ಲೈನ್ಸ್‌ಮನ್ ಆಗಿದ್ದವರು. ಮೈದಾನದ ಗೆರೆಯ ಪಕ್ಕದಲ್ಲೇ ಬೆಳೆದವಳು, ಅಭ್ಯಾಸಬಲ ಇರಬೇಕು ಎಂದುಕೊಂಡಿದ್ದೆ. ಆಮೇಲೆ ಅವಳು ಮನೆಯಲ್ಲಿ ಪಂದ್ಯ ಹಾಕಲಿಲ್ಲ. ಕೆಲವು ವರ್ಷ ಬಿಟ್ಟು ಬಸ್ಸು ಹಿಡಿದಳು.

ಆ ಶನಿವಾರ ಸಂಜೆ ಅವಳು ವಾಪಸು ಬಂದಾಗ ನಾನು ಏನೂ ಕೇಳಲಿಲ್ಲ. ಕೇಳುವ ಬದಲು ಒಂದು ಕೋಷ್ಟಕ ಹಾಕಿದೆ. ವಿಜ್ಞಾನ ಓದಿದವನ ಹೊಟ್ಟೆಕಿಚ್ಚು ಮೊದಲು ಕಾಗದದ ಮೇಲೆ ಇಳಿಯುತ್ತದೆ. ಮುಂದಿನ ಪಂದ್ಯದ ಊರು ಇನ್ನೂರ ಹನ್ನೆರಡು ಕಿಲೋಮೀಟರು. ರೈಲಿನಲ್ಲಿ ಎರಡು ಕಡೆ ಬದಲಾಯಿಸಬೇಕು, ಇಬ್ಬರಿಗೆ ಹೋಗಿಬರಲು ಐದು ಸಾವಿರದ ಎಂಟುನೂರು ರೂಪಾಯಿ. ನಮ್ಮ ಕಾರಿನಲ್ಲಿ ಇಂಧನ, ಸುಂಕ, ನಿಲುಗಡೆ ಸೇರಿ ಇಬ್ಬರಿಗೆ ಮೂರು ಸಾವಿರದ ನೂರು. ಬಸ್ಸಿನಲ್ಲಿ ಒಂಟಿ ಟಿಕೆಟ್ ಎರಡು ಸಾವಿರ, ಜೋಡಿ ಟಿಕೆಟ್ ಮೂರು ಸಾವಿರದ ಇನ್ನೂರು. ಅಂದರೆ ನಾವಿಬ್ಬರೂ ಕಾರಿನಲ್ಲಿ ಹೋದರೆ ಬಸ್ಸಿಗಿಂತ ನೂರು ರೂಪಾಯಿ ಅಗ್ಗ, ಐವತ್ತು ನಿಮಿಷ ಬೇಗ. ಟೈರಿನ ಸವೆತವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಡಿದಿದ್ದರೆ ಕಾರು ಸೋಲುತ್ತಿತ್ತು. ಹದಿನೆಂಟು ವರ್ಷದ ವೃತ್ತಿಯಲ್ಲಿ ಬೇಕೆಂದೇ ಒಂದು ಅಂಶ ಕೈಬಿಟ್ಟದ್ದು ಅದೇ ಮೊದಲು.

ಹಾಳೆಯನ್ನು ಊಟದ ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದೆ. ಅವಳು ಒರೆಸಿದ ಕನ್ನಡಕದೊಳಗಿಂದ ಓದಿದಳು. ಕಾರು ನಿಲ್ಲಿಸುವ ಜಾಗದಿಂದ ಮೈದಾನಕ್ಕೆ ಒಂದೂವರೆ ಕಿಲೋಮೀಟರು ನಡೆಯಬೇಕು, ಬಸ್ಸು ಗೇಟಿನ ಎದುರೇ ನಿಲ್ಲುತ್ತದೆ, ಅದನ್ನು ಬರೆದಿಲ್ಲವಲ್ಲ ಎಂದಳು. ಕಾರಿನಲ್ಲಿ ನೀನು ರಸ್ತೆ ನೋಡಬೇಕು, ನಾನು ನಕ್ಷೆ ನೋಡಬೇಕು, ಬಸ್ಸಿನಲ್ಲಿ ಯಾರೂ ಏನೂ ನೋಡಬೇಕಾಗಿಲ್ಲ ಎಂದಳು. ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಸರಿಯಾಯಿತು. ನಾನು ಸರಿಯಾಗಲಿಲ್ಲ.

ಯಾರೂ ಏನೂ ನೋಡಬೇಕಾಗಿಲ್ಲ. ಈ ಮಾತನ್ನು ನಾನು ಮೂರು ದಿನ ಅಗಿದೆ. ಯಾರು ಏನು ನೋಡಬಾರದು?

ಬುಧವಾರ ಮಧ್ಯಾಹ್ನ ಆ ಗಡಿಯಾರ ರಿಪೇರಿಯವನ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದು. ಒಂದು ಕಪಾಟು, ಒಂದು ದೀಪ, ಗೋಡೆಯ ತುಂಬ ಬೇರೆ ಬೇರೆ ಹೊತ್ತು ತೋರಿಸುವ ಗಡಿಯಾರಗಳು. ಐವತ್ತು ದಾಟಿದ್ದರೂ ತಲೆತುಂಬ ಕೂದಲಿತ್ತು. ಇದನ್ನು ನಾನು ಮೊದಲು ಗಮನಿಸಿದೆ. ಉದ್ದನೆಯ, ನಡುಗದ ಬೆರಳುಗಳು. ಇದನ್ನು ಆಮೇಲೆ ಗಮನಿಸಿದೆ. ಯಾವ ತೊಂದರೆಯೂ ಇಲ್ಲದ ನನ್ನ ಕೈಗಡಿಯಾರ ಬಿಚ್ಚಿ ಮುಂದಿಟ್ಟು, ಯಾಕೋ ಸರಿಯಾಗಿ ನಡೆಯುತ್ತಿಲ್ಲ ಎಂದೆ. ಅವನು ತಲೆಯೆತ್ತಲಿಲ್ಲ. ಮತ್ತೆ ಹೇಳಿದೆ. ಆಗ ಎತ್ತಿ, ಕೈಸನ್ನೆಯಲ್ಲಿ ತನ್ನ ಬಲಗಡೆಗೆ ಬರುವಂತೆ ಸೂಚಿಸಿದ. ಗಿರಾಕಿ ಎಲ್ಲಿ ನಿಲ್ಲಬೇಕೆಂದು ಅಂಗಡಿಯವನು ಹೇಳುವ ಅಹಂಕಾರ ನೋಡಿ ಎಂದುಕೊಂಡೇ ಸರಿದು ನಿಂತೆ.

ಗಡಿಯಾರವನ್ನು ಬಲಗಿವಿಗೆ ಹಿಡಿದು ಕಣ್ಣುಮುಚ್ಚಿ ಕೇಳಿದ. ಒಂದು ಯಂತ್ರದ ಮೇಲಿಟ್ಟು ನೋಡಿದ.

"ಏನೂ ಆಗಿಲ್ಲ ಸಾರ್. ದಿನಕ್ಕೆ ಎರಡು ಸೆಕೆಂಡು ಮುಂದೆ ಓಡ್ತಿದೆ, ಅಷ್ಟೆ. ಅವಸರ ಇರೋರ ಕೈಯಲ್ಲಿ ಹಾಗಾಗುತ್ತೆ."

ಎಷ್ಟು ಕೊಡಬೇಕು ಎಂದೆ. ಕೇಳಿದ್ದಕ್ಕೆಲ್ಲ ಕಾಸು ತಗೊಂಡರೆ ಹೇಗೆ ಎಂದು ನಕ್ಕು, ಗಾಜನ್ನು ಅದೇ ಬಟ್ಟೆಯಿಂದ ಒರೆಸಿ ಕೊಟ್ಟ. ಅದೇ ಬಟ್ಟೆ. ಹಳದಿ ಬಣ್ಣದ್ದು. ಬೀದಿಗೆ ಬಂದ ಮೇಲೆ ಗಾಜಿನ ಮೇಲೆ ಬೇಕೆಂದೇ ಹೆಬ್ಬೆರಳು ಒತ್ತಿದೆ.

ಅಲ್ಲಿಂದ ನೇರ ಬೇಕರಿಗೆ. ಅಕ್ಕ ಬನ್ನುಗಳ ತಟ್ಟೆಯನ್ನು ಒಲೆಯಿಂದ ತೆಗೆಯುತ್ತಿದ್ದರು. ನಾನು ಇಂಥವಳ ಗಂಡ, ಇಪ್ಪತ್ತೈದನೇ ತಾರೀಖಿನ ಬಸ್ಸಿಗೆ ಇಪ್ಪತ್ತನಾಲ್ಕನೇ ಸೀಟು ನನಗೆ ಬೇಕು, ಜೋಡಿ ದರದಲ್ಲಿ ಎಂದೆ. ಅವರು ತಟ್ಟೆ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಜೋಡಿ ಅಂದ್ರೆ ಲಗ್ನಪತ್ರಿಕೆ ಅಲ್ಲಪ್ಪ, ಎರಡು ಸೀಟು. ಒಂಟಿಯಾಗಿ ಬಂದೋರು ಕಿಟಕಿ ಪಕ್ಕ ಕೂತು ಪಕ್ಕದ್ದರಲ್ಲಿ ಚೀಲ ಇಡ್ತಾರೆ, ನನಗೆ ಒಂದು ಸೀಟು ದಂಡ. ಅದಕ್ಕೇ ಇಬ್ಬರು ಸೇರಿ ಬರೆಸಿದ್ರೆ ಕಮ್ಮಿ."

ಅದೆಲ್ಲ ಸರಿ, ಆದರೆ ಗಂಡ ಇರುವಾಗ ಬೇರೆಯವರು ಯಾಕೆ ಎಂದೆ. ಜೋಡಿ ಇಡೀ ಸೀಸನ್ನಿಗೆ, ನಡುವೆ ಮುರಿದರೆ ಗಡಿಯಾರದವರು ಒಂಟಿಯಾಗುತ್ತಾರೆ, ಎರಡು ಸಾವಿರ ತೆರಬೇಕು, ಉಳಿದಿರುವುದು ಹಿಂದೆ ಇಂಜಿನ್ನಿನ ಮೇಲಿನ ನಲವತ್ತೊಂಬತ್ತು ಮಾತ್ರ ಎಂದು ಅವರು ವಿವರಿಸಿದರು. ಅದು ಅವರ ಹಣೆಬರಹ ಎಂದೆ. ಅಕ್ಕ ಬನ್ನೊಂದನ್ನು ಬೆರಳಿನಿಂದ ಒತ್ತಿ ನೋಡಿ, "ಇಪ್ಪತ್ತನಾಲ್ಕು ನಿಮಗೆ ಆಗಲ್ಲ," ಎಂದರು. ನನ್ನ ಕಿವಿ ಬಿಸಿಯಾಯಿತು. ನನ್ನ ಹೆಂಡತಿಯ ಪಕ್ಕದ ಸೀಟು ನನಗಾಗುವುದಿಲ್ಲ ಎಂದು ಬನ್ನು ಸುಡುವವರು ತೀರ್ಮಾನಿಸುತ್ತಾರೆ.

"ಅವಳೇ ಕಳಿಸಿದ್ದು," ಎಂದೆ.

ಸುಳ್ಳು. ಅವರು ರಿಜಿಸ್ಟರು ತೆರೆದು ಬರೆದುಕೊಂಡರು.

ಗುರುವಾರ ಊಟದ ಹೊತ್ತಿಗೆ ಹೆಂಡತಿಗೆ ತಿಳಿಸಿದೆ. ಅವಳ ಚಮಚ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ನಿನಗೆ ಆಟ ಹಿಡಿಸುವುದಿಲ್ಲವಲ್ಲ ಎಂದಳು. ಹಿಡಿಸಿಕೊಳ್ಳುತ್ತೇನೆ ಎಂದೆ. ಗಡಿಯಾರದವರು ಎಲ್ಲಿ ಕೂರುತ್ತಾರೆ ಎಂದು ಕೇಳಿದಳು. ಅದನ್ನೇ ಮೊದಲು ಕೇಳಿದ್ದು ನನ್ನ ಎದೆಗೆ ಚುಚ್ಚಿತು. ಹೇಳಿದೆ. ಅವಳು ಚಮಚವನ್ನು ಸದ್ದಾಗದಂತೆ ಕೆಳಗಿಟ್ಟು, ಸರಿ ಎಂದಳು. ಅದಾದ ಮೇಲೆ ಮನೆ ಮೂವತ್ತೊಂದಕ್ಕಿಂತಲೂ ಕೆಳಗಿಳಿದಿರಬೇಕು.

ಇಪ್ಪತ್ತೈದನೇ ತಾರೀಖು ಬಸ್ಸು ಹತ್ತಿದೆವು. ಅವಳು ನಡುದಾರಿಯ ಕಡೆಯ ಇಪ್ಪತ್ತಮೂರರಲ್ಲಿ, ನಾನು ಕಿಟಕಿಯ ಇಪ್ಪತ್ತನಾಲ್ಕರಲ್ಲಿ. ಸೀಟು ಚೆನ್ನಾಗಿತ್ತು. ಕಾಲು ಚಾಚಲು ಜಾಗ, ಫೋನಿಗೆ ಚಾರ್ಜು, ಮುಂದೆ ಬಲೆಯ ಚೀಲ. ಬಲೆಯಲ್ಲಿ ಒಂದು ಹಳದಿ ಬಟ್ಟೆ ಮಡಚಿ ಇಟ್ಟಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಹಾಗೇ ಬಿಟ್ಟೆ.

ಗಡಿಯಾರದವನು ನಮ್ಮನ್ನು ದಾಟಿ ಹಿಂದೆ ಹೋಗುವಾಗ ನನ್ನ ಕೈಗಡಿಯಾರ ನೋಡಿ, "ಓ, ಎರಡು ಸೆಕೆಂಡ್ ಸಾರ್," ಎಂದ. ಹೆಂಡತಿ ನನ್ನತ್ತ ತಿರುಗಿದಳು. ನಾನು ಕಿಟಕಿಯತ್ತ ತಿರುಗಿದೆ.

ಹಿಂದಿನ ಸೀಟಿನ ಕೊಳಾಯಿ ರಿಪೇರಿಯವನು ಮುಂದಕ್ಕೆ ಬಗ್ಗಿ, ನೀವೇನಾ ಮನೆಯವರು, ಕಿವಿ ಹೇಗಿದೆ ಎಂದು ವಿಚಾರಿಸಿದ. ನನ್ನ ವೃತ್ತಿ ಗೊತ್ತಿರಬೇಕು ಎಂದು ಖುಷಿಯಾಯಿತು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ, ಎರಡೂ ಚೆನ್ನಾಗಿವೆ ಎಂದೆ.

"ಅಯ್ಯೋ ಪಾಪ," ಎಂದು ಅವನು ಹಿಂದಕ್ಕೊರಗಿದ.

ಊರಾಚೆಯ ಸೇತುವೆ ದಾಟಿತು. ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಕೊಂಚ ನೆಟ್ಟಗಾದಂತೆ ಕಂಡಿತು. ಶಾಲುಗಳನ್ನು ಕೊರಳಿಗೆ ಸುತ್ತಿಕೊಂಡರು, ಒಬ್ಬ ಸೀಟಿನ ಬೆನ್ನಿಗೆ ಅಂಗೈಯಿಂದ ಎರಡು ಬಾರಿ ತಟ್ಟಿ ಕಾದ. ಯಾರೂ ಮಾತಾಡಲಿಲ್ಲ. ಚಕ್ರದ ಸದ್ದು ಮಾತ್ರ. ಅಭ್ಯಾಸದಂತೆ ಚೀಲದೊಳಗೇ ಮೀಟರ್ ಒತ್ತಿದೆ: ಅರವತ್ತಾರು. ಐವತ್ತು ಜನ ಅಭಿಮಾನಿಗಳಿರುವ ಬಸ್ಸು ನಮ್ಮ ಕಚೇರಿಯ ಲಿಫ್ಟಿನಷ್ಟು ಸಭ್ಯವಾಗಿತ್ತು. ಫುಟ್‌ಬಾಲಿನವರ ಬಗ್ಗೆ ಜನ ಸುಮ್ಮನೆ ಏನೇನೋ ಹೇಳುತ್ತಾರೆ ಎಂದುಕೊಂಡೆ.

ಬೇಕರಿ ಅಕ್ಕ ಮುಂದಿನಿಂದ ಮೈಕು ಹಿಡಿದರು. "ಏನು ಸೈರನ್, ಇವತ್ತು ಕರೆಂಟಿಲ್ವಾ?"

ಬಸ್ಸು ನಕ್ಕಿತು. ನನ್ನ ಹೆಂಡತಿ ಮನೆಯ ದನಿಯಲ್ಲಿ, ಪಕ್ಕದವರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, ಗಂಟಲು ಸರಿಯಿಲ್ಲ ಎಂದಳು. ಯಾರೋ 'ಅಯ್ಯೋ' ಎಂದರು. ಯಾರೋ ಫೋನು ತೆಗೆದರು. ಬಸ್ಸಿನ ತುಂಬ ಜನ ಒಬ್ಬೊಬ್ಬರಾಗಿ ಕುಗ್ಗಿ ಕಣ್ಣುಮುಚ್ಚುವುದನ್ನು ನಾನು ನೋಡಿದೆ. ಸೈರನ್ ಯಾರು ಎಂದು ಕೇಳಿದೆ. ಅವಳು ಮಡಿಲಲ್ಲಿಟ್ಟುಕೊಂಡ ಶಾಲಿನ ಅಂಚಿನ ದಾರ ಎಣಿಸುತ್ತಿದ್ದಳು.

ಅರ್ಧ ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದರು. ನಾನು ಕೈತೊಳೆದು ಬರುವಷ್ಟರಲ್ಲಿ ಅವಳು ನೀರಿನ ನಲ್ಲಿಯ ಬಳಿ ಗಡಿಯಾರದವನ ಜೊತೆ ನಿಂತಿದ್ದಳು. ಅವಳು ಏನೋ ಹೇಳುತ್ತಿದ್ದಳು. ಅವನು ಮುಖ ಪಕ್ಕಕ್ಕೆ ತಿರುಗಿಸಿ, ಬಲಗಿವಿಯನ್ನು ಅವಳ ಬಾಯಿಯ ಹತ್ತಿರ ತಂದು ಕೇಳುತ್ತಿದ್ದ. ಇಬ್ಬರ ನಡುವೆ ಒಂದು ಗೇಣು. ನನಗೆ ಕೈಯಲ್ಲಿದ್ದ ಟೀ ಬಿಸಿಯೋ ತಣ್ಣಗೋ ತಿಳಿಯಲಿಲ್ಲ.

ಬೇಕರಿ ಅಕ್ಕ ನನ್ನ ಪಕ್ಕದಲ್ಲಿ ಬಂದು ನಿಂತು ನನ್ನ ನೋಟ ಹೋದ ಕಡೆಗೇ ನೋಡಿದರು.

"ಅವನ ಎಡಗಿವಿ ಸತ್ತಿದೆ," ಎಂದರು. "ಚಿಕ್ಕಂದಿನಲ್ಲೇ ಜ್ವರ ಬಂದು ಹೋಯ್ತಂತೆ. ಅದಕ್ಕೇ ಅವನನ್ನ ಅಲ್ಲಿ ಹಾಕಿದ್ದು."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಇಪ್ಪತ್ತನಾಲ್ಕು ಎರಡು ವರ್ಷ ಖಾಲಿ ಇತ್ತು. ಯಾರನ್ನು ಕೂರಿಸಿದರೂ ಒಂದು ಪಂದ್ಯ ಮುಗಿಸಿ ಕೈಮುಗಿಯುತ್ತಿದ್ದರು. ಅವಳ ಕೂಗು ಅಷ್ಟು. ಸೇತುವೆ ದಾಟಿದೊಡನೆ ಇಪ್ಪತ್ತಮೂರು ಎದ್ದು ನಡುದಾರಿಯಲ್ಲಿ ನಿಂತು ಮೊದಲ ಕೂಗು ಎತ್ತಿಕೊಟ್ಟರೆ ಮಾತ್ರ ಈ ಬಸ್ಸು ಹಾಡುತ್ತದೆ. ಅದೇ ಇದರ ರೂಢಿ. ಪಕ್ಕದಲ್ಲಿ ಯಾರೂ ನಿಲ್ಲದೆ ಅವಳು ಎರಡು ವರ್ಷ ಒಂಟಿ ದರ ತೆತ್ತಳು. ಆಮೇಲೆ ಗಡಿಯಾರದವರು ಸಂಘಕ್ಕೆ ಸೇರಿದರು. ಕಿಟಕಿಯ ಪಕ್ಕ ಕೂತರೆ ಅವರ ಸತ್ತ ಕಿವಿ ಅವಳ ಕಡೆಗೆ ಬರುತ್ತದೆ. ಇಬ್ಬರಿಗೂ ನಾನೂರು ನಾನೂರು ಉಳಿಯಿತು.

"ಅವಳೇ ಕಳಿಸಿದ್ದು ಅಂದ್ರಲ್ಲ," ಎಂದು ಅಕ್ಕ ಖಾಲಿ ಲೋಟವನ್ನು ನನ್ನ ಲೋಟದೊಳಗೆ ಇಟ್ಟರು. "ಅವಳು ಕಳಿಸಿದ್ರೆ ಕಿವಿಗೆ ಹತ್ತಿ ಕೊಟ್ಟು ಕಳಿಸ್ತಿದ್ಲು."

ನಾನೂರು ರೂಪಾಯಿ. ಹದಿನಾಲ್ಕು ದಿನ ನಾನು ಮೈ ಪರಚಿಕೊಂಡದ್ದು ನಾನೂರು ರೂಪಾಯಿಯ ಉಳಿತಾಯಕ್ಕೆ. ಆ ಮನುಷ್ಯನ ಮೇಲಿನ ಹೊಟ್ಟೆಯುರಿ ಅಲ್ಲೇ ಆರಿಹೋಯಿತು ಎಂದು ಬರೆಯಲು ಆಸೆ. ಆರಲಿಲ್ಲ. ಅದು ಹರಡಿತು. ಒಬ್ಬನ ಮೇಲಿದ್ದದ್ದು ಐವತ್ತು ಜನರ ಮೇಲಾಯಿತು. ಕೊಳಾಯಿಯವನಿಗೆ ಗೊತ್ತು, ಚಾಲಕನಿಗೆ ಗೊತ್ತು, ಬನ್ನು ಸುಡುವವರಿಗೆ ಗೊತ್ತು. ಅವಳಿಗೊಂದು ದನಿ ಇದೆ, ಅದಕ್ಕೊಂದು ಹೆಸರು ಇದೆ. ಅವಳ ಜೊತೆ ಹದಿನಾಲ್ಕು ವರ್ಷ ಒಂದೇ ಸೂರಿನಡಿ ಬದುಕಿದ, ಎರಡೂ ಕಿವಿ ಚೆನ್ನಾಗಿರುವ ನನಗೊಬ್ಬನಿಗೆ ಗೊತ್ತಿಲ್ಲ.

ಬಸ್ಸು ಮತ್ತೆ ಹೊರಟ ಮೇಲೆ ಕೇಳಿದೆ. "ಸೈರನ್ ನೀನೇನಾ?"

"ಹೂಂ."

"ನನಗ್ಯಾಕೆ ಹೇಳಲಿಲ್ಲ?"

ಅವಳು ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು, ನನ್ನ ಕಾಲ ಬಳಿಯಿದ್ದ ಚೀಲವನ್ನು ನೋಡಿದಳು.

"ನೀನು ಅಳೀತೀಯ."

ಅಷ್ಟೇ ಹೇಳಿದಳು. ಸಿಟ್ಟಿನಿಂದಲ್ಲ; ಹೊರಗೆ ಮೋಡ ಇದೆ ಎಂದು ಹೇಳುವಂತೆ. ಚೀಲದೊಳಗೆ ಮೀಟರ್ ಇನ್ನೂ ಆನ್ ಆಗಿಯೇ ಇತ್ತು. ಅದರ ಸಣ್ಣ ಹಸಿರು ಬೆಳಕು ಬಟ್ಟೆಯೊಳಗಿಂದ ಕಾಣುತ್ತಿತ್ತು. ಆ ಟಿವಿಯ ದಿನ, ತೊಂಬತ್ತನಾಲ್ಕು ತೋರಿಸಿದಾಗ, ಇಬ್ಬರೂ ನಕ್ಕೆವು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ನೆನಪನ್ನು ಮತ್ತೆ ತೆಗೆದು ನೋಡಿದೆ. ನಕ್ಕವನು ಒಬ್ಬ.

ಕೈಹಾಕಿ ಮೀಟರ್ ಆರಿಸಿದೆ. ಅವಳು ಅದನ್ನು ನೋಡಿದಳು, ಆದರೆ ಎದ್ದು ನಿಲ್ಲಲಿಲ್ಲ. ಹದಿಮೂರು ವರ್ಷದ ಅಭ್ಯಾಸ ಒಂದು ಗುಂಡಿ ಒತ್ತಿದರೆ ಹೋಗುವಂಥದ್ದಲ್ಲ.

ಪಂದ್ಯ ಹನ್ನೆರಡೂವರೆಗೆ. ಬಸ್ಸು ಹೇಳಿದಂತೆ ಗೇಟಿನ ಎದುರೇ ನಿಂತಿತು. ಕಾರುಗಳಲ್ಲಿ ಬಂದವರು ದೂರದಿಂದ ಬೆವರೊರೆಸಿಕೊಂಡು ನಡೆದು ಬರುತ್ತಿದ್ದರು. ಗ್ಯಾಲರಿಯಲ್ಲಿ ಅವಳು ನನ್ನ ಪಕ್ಕ ನಿಂತು ಎರಡೂ ಕೈ ಮುಷ್ಟಿ ಕಟ್ಟಿ, ತುಟಿ ಬಿಗಿಹಿಡಿದು ಆಟ ನೋಡಿದಳು. ನಮ್ಮವರು ಒಂದು ಗೋಲಿನಿಂದ ಸೋತರು. ಕೊನೆಯ ಹತ್ತು ನಿಮಿಷ ನಮ್ಮ ಕಡೆಯವರೆಲ್ಲ ತಿರುಗಿ ತಿರುಗಿ ಅವಳ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಮುಖ. ಸೋಲಿಗೆ ಕಾರಣ ಗೋಲ್‌ಕೀಪರ್ ಅಲ್ಲ, ಇಪ್ಪತ್ತನಾಲ್ಕನೇ ಸೀಟು ಎಂದು ಕೊಳಾಯಿಯವನು ಯಾರಿಗೋ ಹೇಳುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಿವಿ ಚೆನ್ನಾಗಿದೆಯಲ್ಲ.

ಮೂರು ಗಂಟೆಗೆ ಬಸ್ಸು ಹತ್ತುವಾಗ ನಾನು ಆರನೇ ಸಾಲಿನಲ್ಲಿ ನಿಲ್ಲಲಿಲ್ಲ. ನೇರ ಹಿಂದೆ ಹೋದೆ. ಗಡಿಯಾರದವನು ನಲವತ್ತೊಂಬತ್ತರಲ್ಲಿ ಆಗಲೇ ಕೂತು ಬೂಟು ಸಡಿಲಿಸುತ್ತಿದ್ದ. ಅವನ ಬಲಗಡೆಗೆ ಹೋಗಿ ನಿಂತು ಹೇಳಿದೆ.

"ಇಂಜಿನ್ ಶಬ್ದ ನನ್ನ ಕಸುಬು. ನೀವು ಮುಂದೆ ಹೋಗಿ."

ಅವನು ನನ್ನ ಮುಖವನ್ನು, ಮುಚ್ಚಳ ತೆಗೆದ ಗಡಿಯಾರವನ್ನು ನೋಡುವಂತೆ ಸ್ವಲ್ಪ ಹೊತ್ತು ನೋಡಿದ. ಈ ಸೀಟು ಬಿಸಿ ಸಾರ್, ಮೊದಲೇ ಹೇಳಿರುತ್ತೇನೆ ಎಂದ. ಬೂಟಿನ ದಾರ ಕಟ್ಟಿಕೊಂಡು ಎದ್ದ.

"ನಾಲ್ಕು ವರ್ಷದಿಂದ ಅವರ ಕೂಗನ್ನ ಅರ್ಧ ಕಿವಿಯಲ್ಲಿ ಕೇಳಿದ್ದೀನಿ. ಪೂರ್ತಿ ಕೇಳಬೇಕು ಅಂದ್ರೆ ಹಿಂದೇನೇ ಕೂರಬೇಕು ಅಂತಾರೆ. ನನಗೆ ಇವತ್ತು ಆ ಯೋಗ ಬರಲಿಲ್ಲ."

ಅವನು ಮುಂದೆ ಹೋಗಿ ಕಿಟಕಿಯ ಪಕ್ಕ ಕೂತ. ಹೆಂಡತಿ ಹಿಂತಿರುಗಿ ಸಾಲುಗಳ ಮೇಲಿಂದ ನನ್ನನ್ನು ಹುಡುಕಿದಳು. ನಾನು ಚೀಲವನ್ನು ಎತ್ತಿ ತೋರಿಸಿ, ಮೇಲಿನ ಅಟ್ಟಣೆಯಲ್ಲಿಟ್ಟು, ಖಾಲಿ ಕೈ ತೋರಿಸಿದೆ. ಅವಳ ಮುಖದಲ್ಲಿ ಏನಿತ್ತೋ ಅಷ್ಟು ದೂರದಿಂದ ಗುರುತಿಸಲಾಗಲಿಲ್ಲ. ಗಡಿಯಾರದವನು ಬಲೆಯಿಂದ ಹಳದಿ ಬಟ್ಟೆ ತೆಗೆದ. ಅವಳು ಕನ್ನಡಕ ಕಳಚಿ ಅವನ ಕೈಗೆ ಕೊಟ್ಟಳು, ಬಾಗಿಲ ಬಳಿ ಕೊಡೆ ಇಡುವಷ್ಟು ಸಲೀಸಾಗಿ.

ಹೆದ್ದಾರಿಯ ಸುಂಕದ ಕಟ್ಟೆ ದಾಟಿತು. ಸೋತು ಬಂದ ಬಸ್ಸು, ಎಲ್ಲರ ತಲೆ ಕೆಳಗೆ. ಆಗ ಆರನೇ ಸಾಲಿನಲ್ಲಿ ಅವಳು ಎದ್ದು ನಿಂತಳು. ಎರಡೂ ಕಡೆಯ ಸೀಟಿನ ಬೆನ್ನು ಹಿಡಿದುಕೊಂಡಳು. ತಲೆ ಹಿಂದಕ್ಕೆ ಎತ್ತಿದಳು.

ಅದನ್ನು ಹಾಡು ಎನ್ನಲಾರೆ. ತಂಡದ ಹೆಸರನ್ನು ಮೊದಲ ಅಕ್ಷರದಲ್ಲೇ ಎಳೆದು, ಎಳೆದು, ಇನ್ನು ಉಸಿರು ಮುಗಿಯಿತು ಎನ್ನುವಲ್ಲಿ ಇನ್ನೊಂದು ಮೆಟ್ಟಿಲು ಏರಿಸಿ ಬಿಟ್ಟುಕೊಡುವ ಕೂಗು ಅದು. ಬಿಟ್ಟುಕೊಟ್ಟಲ್ಲಿಂದ ಐವತ್ತು ಗಂಟಲು ಎತ್ತಿಕೊಂಡವು. ಗಾಜುಗಳು ನಡುಗಿದವು. ನನ್ನ ಕೆಳಗೆ ಇಂಜಿನ್ ಇತ್ತು. ಇದೆ ಎಂಬುದೇ ಮರೆತುಹೋಯಿತು. ದನಿಯ ಅಂಚು ಒರಟಾಗಿತ್ತು, ನಡುವೆ ಒಡೆಯುತ್ತಿತ್ತು, ಒಡೆದಲ್ಲೇ ಚೆನ್ನಾಗಿತ್ತು. ಕಣ್ಣಾಸ್ಪತ್ರೆಯ ಮೇಜಿನಲ್ಲಿ, ಉಣ್ಣೆ ಅಂಟಿಸಿದ ಕುರ್ಚಿಗಳ ನಡುವೆ, ಇದನ್ನು ಅವಳು ಎಲ್ಲಿ ಮಡಚಿ ಇಟ್ಟುಕೊಂಡಿದ್ದಳು? ಅವಳು ಕೂಗುತ್ತಿದ್ದದ್ದು ನನಗಾಗಿ ಅಲ್ಲ. ನಾನು ಅಲ್ಲಿದ್ದರೂ ಅವಳಿಗೆ ಕೂಗಲಾಯಿತು ಎಂಬುದಷ್ಟೇ ನನ್ನ ಪಾಲಿಗೆ ಬಂದದ್ದು. ಅದನ್ನೂ ಐವತ್ತು ಜನರ ಜೊತೆ ಹಂಚಿಕೊಳ್ಳಬೇಕಾಗಿತ್ತು. ಅವಳ ಪಕ್ಕದಲ್ಲಿ ಗಡಿಯಾರದವನು ಸತ್ತ ಕಿವಿಯ ಸುಖದಲ್ಲಿ ನಿದ್ದೆ ಹೋಗಿದ್ದ. ಅವನ ತಲೆ ಕಿಟಕಿಗೆ ಒರಗಿತ್ತು. ಅವಳ ಶಾಲು ಅವನ ತೊಡೆಯ ಮೇಲಿತ್ತು.

ಏಳಕ್ಕೆ ಹತ್ತು ನಿಮಿಷ ಇರುವಾಗ ಊರು ಮುಟ್ಟಿದೆವು. ಎಲ್ಲರೂ ಇಳಿಯಲಿ ಎಂದು ಕಾದೆ. ಆಮೇಲೆ ಚೀಲದಿಂದ ಟೇಪು ತೆಗೆದು, ಅದರ ಕೊಕ್ಕೆಯನ್ನು ನನ್ನ ಸೀಟಿನ ಬೆನ್ನಿಗೆ ಸಿಕ್ಕಿಸಿ, ನಡುದಾರಿಯಲ್ಲಿ ಇಪ್ಪತ್ತಮೂರರವರೆಗೆ ಬಿಚ್ಚುತ್ತಾ ಹೋದೆ. ಮರೆತ ವಸ್ತು ಹುಡುಕುತ್ತಿದ್ದ ಬೇಕರಿ ಅಕ್ಕ, ಪರದೆ ಹೊಲಿಸ್ತೀರಾ ಎಂದರು. ಉಳಿದ ಸೀಸನ್ನಿಗೆ ನಲವತ್ತೊಂಬತ್ತು ನನ್ನ ಹೆಸರಿಗೆ ಬರೆಯಿರಿ ಎಂದೆ. ಒಂಟಿ ದರ ಆಗುತ್ತದೆ, ಇಡೀ ಬಸ್ಸಿನಲ್ಲಿ ಅತಿ ದುಬಾರಿ, ಅತಿ ಬಿಸಿ ಸೀಟು ಎಂದು ಎಚ್ಚರಿಸಿದರು. ಗೊತ್ತು ಎಂದೆ.

ಮನೆಗೆ ನಡೆಯುವಾಗ ಹೆಂಡತಿಯ ಗಂಟಲು ಪೂರ್ತಿ ಕಟ್ಟಿತ್ತು. ಬೀದಿಯ ತಿರುವಿನಲ್ಲಿ ಕೇಳಿದಳು.

"ಎಷ್ಟು ಬಂತು?"

"ಅಳೆದಿಲ್ಲ."

"ಸುಳ್ಳು."

ಮೀಟರನ್ನು ಅವಳ ಕೈಗಿಟ್ಟೆ. ಅವಳು ಗುಂಡಿ ಒತ್ತಿ, ಕೊನೆಯದಾಗಿ ದಾಖಲಾದದ್ದನ್ನು ನೋಡಿದಳು. ಅರವತ್ತಾರು, ಬೆಳಗಿನದು. ಅವಳು ಮೀಟರನ್ನು ವಾಪಸು ಕೊಡದೆ ತನ್ನ ಚೀಲದೊಳಗೆ ಹಾಕಿಕೊಂಡಳು. ಮನೆಯ ಬಾಗಿಲು ತೆರೆದಾಗ ರಬ್ಬರು ಎಂದಿನಂತೆ ಸದ್ದಿಲ್ಲದೆ ಸರಿಯಿತು. ಅವಳು ಅದನ್ನು ಕಾಲಿನಿಂದ ಒದ್ದು ಮುಚ್ಚಿದಳು.

ಅವಳು ಬಿಸಿನೀರು ಕುಡಿಯುತ್ತಿದ್ದಾಗ ನಾನು ಮೇಜಿಗೆ ಕೂತು ಒಂದು ಫಾರಂ ತೆಗೆದೆ. ಶಬ್ದದ ಮೂಲ ಎಂಬಲ್ಲಿ 'ಸೀಟು ೨೩' ಎಂದು ಬರೆದೆ. ಮಟ್ಟ ಎಂಬ ಅಂಕಣವನ್ನು ಖಾಲಿ ಬಿಟ್ಟೆ. ಮೂಲದಿಂದ ದೂರ: ಐದು ಮೀಟರ್ ಮೂವತ್ತೆರಡು ಸೆಂಟಿಮೀಟರ್.